ಆಫ್ರಿಕಾದ ಚಿಟ್ಟೆಗೆ ನಮ್ಮ ತಾರಸಿಯಲ್ಲಿ ಆಶ್ರಯ

ಸೌದಿಯ ಜಿದ್ದಾ ನಗರದ ನಮ್ಮ ಕನ್ನಡ ಕೂಟದಲ್ಲಿ ಸನ್ಮಾನ ತಪ್ಪಿಸಿಕೊಂಡು ಬದುಕುವುದು ಬಹಳ ಕಷ್ಟ. ಹೊಸ ಕಾರು ಕೊಂಡವನಿಗೆ ಶಾಲು, ರಜೆಗೆ ಊರಿಗೆ ಹೊರಟವನಿಗೆ ಶಾಲು, ರಜೆ ಮುಗಿಸಿ ಬಂದ ತಪ್ಪಿಗೆ ಅವನಿಗೇ ಇನ್ನೊಂದು ಶಾಲು! ಇಂಥ ಕೂಟಕ್ಕೆ ವರ್ಷಗಟ್ಟಲೆ ಚಂದಾ ಕೊಟ್ಟೂ ಹೆಗಲು ಬರಿದಾಗಿ ಉಳಿದ ಏಕೈಕ ಪ್ರಾಣಿ ನಾನು. ಹೊಟ್ಟೆ ಉರಿಯದೆ ಇರುತ್ತದೆಯೇ?

ಒಂದು ಬೆಳಿಗ್ಗೆ ತಾರಸಿಗೆ ಬಟ್ಟೆ ಒಣಹಾಕಲು ಹೋದೆ. ನೆಲದ ಮೇಲೆ ಕೆಂಪು ಏರೋಪ್ಲೇನ್ ಚಿಟ್ಟೆಯೊಂದು ಕೂತಿತ್ತು. ರೆಕ್ಕೆಯ ಬುಡದಲ್ಲಿ ಕಿತ್ತಳೆ ಬಣ್ಣ. ಫೋಟೋ ಹೊಡೆದು, ಕೀಟ ಗುರುತಿಸುವ ಆ್ಯಪ್‌ಗೆ ಹಾಕಿದೆ. ‘ಆಫ್ರಿಕಾದಾದ್ಯಂತ ಕಾಣುವ ಜಾತಿ’ ಎಂದು ಬಂತು. ಕೆಳಗೆ ಇನ್ನೂ ಏನೇನೋ ಬರೆದಿತ್ತು. ಶಿಪ್ಪಿಂಗ್ ಕಂಪನಿಯಲ್ಲಿ ಮೊದಲ ಸಾಲು ಓದಿ ಸಹಿ ಹಾಕುವ ನನಗೆ ಅಷ್ಟು ಸಾಕು!

ಕೂಡಲೇ ಕೂಟದ ವಾಟ್ಸಾಪ್ ಗುಂಪಿನಲ್ಲಿ ಘೋಷಿಸಿದೆ: ‘ಪಾಸ್‌ಪೋರ್ಟ್, ವಾಸಕ್ಕೆ ಇಕಾಮಾ ಒಂದೂ ಇಲ್ಲದೆ ಕೆಂಪು ಸಮುದ್ರ ದಾಟಿ ಬಂದ ಆಫ್ರಿಕಾದ ಚಿಟ್ಟೆಯನ್ನು ಈ ಬಡವನು ಪತ್ತೆ ಹಚ್ಚಿರುತ್ತಾನೆ.’

ಕೂಟದ ಅಧ್ಯಕ್ಷರಾದ ಹಮೀದಾಕ ಫೋನ್ ಮಾಡಿಯೇ ಬಿಟ್ಟರು. “ಎಂತ ಮಾರಾಯ, ನಮ್ಮಲ್ಲಿ ವಿಜ್ಞಾನಿ ಇದ್ದದ್ದು ಗೊತ್ತೇ ಇರ್ಲಿಲ್ಲ! ಶುಕ್ರವಾರ ನಿನಗೆ ಸನ್ಮಾನ. ಶಾಲು ನಮ್ಮದು, ಊಟ ನಿನ್ನದು.”

ಇನ್ನು ಆವಾಸಸ್ಥಾನ. ಆ್ಯಪಿನ ಆ ಪುಟದಲ್ಲೂ ಮೊದಲ ಸಾಲು ಓದಿದೆ: ನೀರಿನ ಪಕ್ಕದ ಬೋಳು ಬಂಡೆಯೆಂದರೆ ಚಿಟ್ಟೆಗೆ ಇಷ್ಟವಂತೆ. ತಾರಸಿಯ ಸಿಮೆಂಟಿಗಿಂತ ಬೋಳು ಬಂಡೆ ಬೇಕೇ? ನಮ್ಮ ಫ್ಲ್ಯಾಟಿನ ಟ್ಯಾಂಕು ಸೋರಿ ನೀರೂ ಹರಡಿತ್ತು. ಕಟ್ಟಡ ನೋಡಿಕೊಳ್ಳುವ ರಫೀಕ್ ಆ ಸೋರಿಕೆ ಮುಚ್ಚಲು ಸಿಮೆಂಟು ಕಲಸಿ ತಂದಾಗ ನಾನು ಅಡ್ಡ ನಿಂತೆ.

“ಸಾಬ್, ಟಂಕಿ ಲೀಕ್ ಹೈ!”

“ಲೀಕಲ್ಲ, ಅದು ಆವಾಸಸ್ಥಾನ!”

ಹಿಂದಿಯಲ್ಲಿ ಏರೋಪ್ಲೇನ್ ಚಿಟ್ಟೆಗೆ ಏನೆನ್ನುತ್ತಾರೋ ತಿಳಿಯದೆ, ಎರಡೂ ಕೈ ಬಡಿದು ಹಾರಿ ತೋರಿಸಿದೆ. ರಫೀಕ್ ‘ಯಾ ಅಲ್ಲಾ’ ಎಂದು ಹಿಮ್ಮುಖವಾಗಿಯೇ ಮೆಟ್ಟಿಲಿಳಿದ.

ಹೆಂಡತಿ ಸುಜಾತ ಸುಮ್ಮನಿರಲಿಲ್ಲ. “ಶುಕ್ರವಾರ ಮನೆ ತುಂಬ ಜನ. ನೀರು ಮುಗಿದ್ರೆ ನಾನು ಮುಖ ಎಲ್ಲಿ ಇಡುದು ಮಾರಾಯ್ರೆ?”

“ವಿಜ್ಞಾನಕ್ಕೆ ತ್ಯಾಗ ಬೇಕು.”

“ಹೌದು, ತ್ಯಾಗಕ್ಕೆ ನಾನು, ಶಾಲಿಗೆ ನೀವು!”

ಶುಕ್ರವಾರ ಬಂತು. ಜುಮಾ ನಮಾಜು ಮುಗಿಸಿ ಬಂದವರು ಹಸಿದಿದ್ದರು. “ಊಟ ಮೊದಲು, ಭಾಷಣ ಮತ್ತೆ” ಎಂದರು ಹಮೀದಾಕ. ಸುಜಾತಳ ನೀರ್‌ದೋಸೆ, ಕೋಳಿ ಘೀ ರೋಸ್ಟಿನ ಮೇಲೆ ಜನ ಮುಗಿಬಿದ್ದರು. ನಾನು ತಿನ್ನುತ್ತಲೇ ಸೋಫಾದ ಮೇಲಿದ್ದ ಜರಿ ಶಾಲನ್ನು ಓರೆಗಣ್ಣಿನಿಂದ ನೋಡುತ್ತಿದ್ದೆ.

ಅಷ್ಟರಲ್ಲಿ ಶಾಲೆಯಲ್ಲಿ ವಿಜ್ಞಾನ ಕಲಿಸುವ ರೋಶನಿ ಟೀಚರ್ ಫೋಟೋ ಕೇಳಿದರು. ಹೆಮ್ಮೆಯಿಂದ ತೋರಿಸಿದೆ.

“ಇದಾ? ಇದು ಆಫ್ರಿಕಾದಲ್ಲಿ ಉಂಟು, ಹೌದು. ಈ ಅರೇಬಿಯಾದಲ್ಲೂ ಉಂಟು. ನಮ್ಮ ಊರಲ್ಲಿ ಕೆಂಪುಕಲ್ಲಿನ ಕೋರೆ ಹತ್ರ ಬೇಕಾದಷ್ಟು ಉಂಟಲ್ಲ ಸಾರ್! ಆ್ಯಪಿನಲ್ಲೇ ಕೆಳಗೆ ಬರ್ದಿದೆ ನೋಡಿ.”

ಎಲ್ಲರೂ ಕೋಳಿಯ ಎಲುಬು ಕಡಿಯುವುದರಲ್ಲಿ ಮುಳುಗಿದರು. ಹಮೀದಾಕ ಕೆಮ್ಮಿದರು. “ಇರ್ಲಿ, ಶಾಲು ತಂದಾಗಿದೆ, ಹಾಕಿಬಿಡುವ. ಕೈ ತೊಳ್ದು ಬರ್ತೇನೆ.” ಧರ್ಮಾತ್ಮ! ನಾನು ಅಂಗಿಯ ಕಾಲರ್ ಸರಿಮಾಡಿಕೊಂಡೆ.

ನಲ್ಲಿ ಎರಡು ಸಲ ಗೊರಗುಟ್ಟಿ ಸುಮ್ಮನಾಯಿತು. ಅಡುಗೆಮನೆಯಲ್ಲೂ ಇಲ್ಲ, ಬಚ್ಚಲಲ್ಲೂ ಇಲ್ಲ. ಕುಡಿಯುವ ನೀರಿನ ಬಾಟಲಿಗಳು ಘೀ ರೋಸ್ಟಿನ ಖಾರಕ್ಕೇ ಬಲಿಯಾಗಿದ್ದವು. ಮನೆ ತುಂಬ ಮರ್ಯಾದಸ್ಥರು, ಕೆಂಪು ಮಸಾಲೆ ಮೆತ್ತಿದ ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ನಿಂತುಬಿಟ್ಟರು!

“ನೀರೆಲ್ಲ ಎಲ್ಲಿಗೆ ಹೋಯ್ತು?” ಯಾರೋ ಕೇಳಿದರು.

“ಚಿಟ್ಟೆಗೆ ಕೊಟ್ಟಿದ್ದಾರೆ ಇವರು,” ಎಂದಳು ಸುಜಾತ. ಅವಳ ಕಣ್ಣಲ್ಲಿ ನೀರಿತ್ತು. ಇಡೀ ಮನೆಯಲ್ಲಿ ಇದ್ದದ್ದು ಅಷ್ಟೇ. ನಿಜಕ್ಕೂ ನಾಚಿಕೆಯಾಯಿತು.

ಟ್ಯಾಂಕರಿಗೆ ಫೋನ್ ಮಾಡಿ, ಎಲ್ಲರೂ ಕೈ ಎತ್ತಿಕೊಂಡೇ ಕೆಳಗಿಳಿದು ಬೀದಿಯಲ್ಲಿ ಕಾದೆವು. ಹೋಗುವ ಕಾರಿನವರು ನಮ್ಮನ್ನು ಏನೆಂದುಕೊಂಡರೋ! ಮಸಾಲೆ ಒಣಗಿ ಬೆರಳು ಮಡಚಲಾಗದ ಹೊತ್ತಿಗೆ ಟ್ಯಾಂಕರ್ ಬಂತು. ಪಠಾಣ ಡ್ರೈವರ್ ಪೈಪು ಎಳೆದ. ನೀರು ಚಿಮ್ಮಿತು. ಜನ ಕೇಕೆ ಹಾಕಿದರು.

ಹಮೀದಾಕ ಎಲ್ಲರಿಗಿಂತ ಮೊದಲು ಕೈ ತೊಳೆದು, “ಯಲ್ಲಾ, ಬೇಗ ಆ ಶಾಲು ತನ್ನಿ!” ಎಂದು ಕೂಗಿದರು. ನಾನು ಎದೆ ಸೆಟೆಸಿ, ತಲೆ ತಗ್ಗಿಸಿ ನಿಂತೆ. ಶಾಲು ನನ್ನ ಮೂಗಿನ ಮುಂದೆಯೇ ಹಾದುಹೋಗಿ ಡ್ರೈವರನ ಹೆಗಲೇರಿತು!

“ಮರುಭೂಮಿಯಲ್ಲಿ ನೀರು ಕೊಟ್ಟವ! ಇವನಿಗಿಂತ ದೊಡ್ಡ ಮನುಷ್ಯ ಯಾರುಂಟು?” ಎಂದರು ಹಮೀದಾಕ. ಪಠಾಣ ಬೆಪ್ಪಾಗಿ ನಗುತ್ತಿದ್ದ. ಆ ಹೊತ್ತಿಗೆ ಕೈ ತೊಳೆದಿದ್ದವರೆಲ್ಲ ಚಪ್ಪಾಳೆ ತಟ್ಟಿದರು, ಸುಜಾತ ಎಲ್ಲರಿಗಿಂತ ಜೋರಾಗಿ. ನಾನೂ ತಟ್ಟಿದೆ. ಸದ್ದು ಬರಲಿಲ್ಲ. ಕೈ ತೊಳೆಯುವ ಸರದಿ ನನಗಿನ್ನೂ ಬಂದಿರಲಿಲ್ಲ!