ಹಾಟ್‌ಬಾಕ್ಸಿನೊಳಗಿನ ಸಮಯ

ರಿಪೇರಿಯವ ಫಜೀತಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಮನೆಗೆ ಬರುತ್ತದೆ.

ನಾನು ಮೂಡುಬಿದಿರೆಯಲ್ಲಿ ರೇಡಿಯೊ ರಿಪೇರಿಯವ. ಶಾಲೆಗೆ ಹೋದದ್ದು ಕಡಿಮೆ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಕೈಗೆ ಕೆಲಸ ಇರಲಿಲ್ಲ. ಬೆಳ್ತಂಗಡಿಯ ಬ್ಯಾರಿ ಗೆಳೆಯ, ಅವನೂ ರಿಪೇರಿಯವನೇ, ಗಲ್ಫಿನಿಂದ ಜಿಪಿಎಸ್ ತುಂಡು ತರಿಸಿದ. "ಸರಿ ಸಮಯದ ಡಬ್ಬಿ ಮಾಡುವ ಮಾರಾಯ. ನೀನೊಂದು, ನಾನೊಂದು."

ಡಬ್ಬಿಯೊಳಗೊಂದು ಹರಳು. ಸೆಕೆಂಡಿಗೆ ಸರಿಯಾಗಿ ಒಂದು ಕೋಟಿ ಸಲ ನಡುಗಬೇಕು. ಉಪಗ್ರಹ ಸೆಕೆಂಡಿಗೊಮ್ಮೆ "ಈಗ" ಅನ್ನುತ್ತದೆ. ಡಬ್ಬಿ ಅದನ್ನು ಕೇಳಿ ಹರಳನ್ನು ತಿದ್ದುತ್ತದೆ. ಹರಳು ತಣಿದರೆ ಲೆಕ್ಕ ತಪ್ಪುತ್ತದೆ; ಅದಕ್ಕೆ ಶೀತ ಆಗದಂತೆ ನೋಡುವುದು ನನ್ನ ಕೆಲಸ.

ದೋಸೆ

ಹೆಂಡತಿ ನೀರುದೋಸೆ ಬಿಸಿ ಇಡುತ್ತಿದ್ದ ಹಾಟ್‌ಬಾಕ್ಸ್ ಇತ್ತು. ಹರಳನ್ನು ಬಿಸಿ ಮಾಡುವ ವಯರಿನ ಜೊತೆ ಅದರಲ್ಲಿಟ್ಟೆ. ಅವಳ ಅಕ್ಕ, ನಮ್ಮ ಅತ್ತಿಗೆ, ಅಳದಂಗಡಿಯಿಂದ ಬಂದವರೇ ಮುಚ್ಚಳ ತೆಗೆದರು.

"ಇದೆಂಥದು ಭಾವ? ವಯರು ಬೇಯಿಸಿದ್ದೀರಾ?"

"ಮುಚ್ಚಿ ಅತ್ತಿಗೆ, ತಣಿಯುತ್ತದೆ."

"ತಿನ್ನಲಿಕ್ಕಿಲ್ಲದ್ದಕ್ಕೆ ಬಿಸಿ ಯಾಕೆ? ಇದು ತಂಗಿಗೆ ನಾನು ಕೊಟ್ಟ ಹಾಟ್‌ಬಾಕ್ಸ್. ಉಪಯೋಗ ಏನು ತೋರಿಸಿ, ಇಲ್ಲದಿದ್ರೆ ತಗೊಂಡು ಹೋಗ್ತೇನೆ."

ಹೆಂಡತಿಯ ಪಾತ್ರೆಗಳಲ್ಲಿ ನಾನು ದಿನಾ ಮುಟ್ಟುವುದು ಅದೊಂದನ್ನೇ. ಮುಚ್ಚಳ ಒತ್ತಿ ಮುಚ್ಚಿ, "ಭಾನುವಾರ ಬನ್ನಿ. ಪರೀಕ್ಷೆ ಉಂಟು" ಅಂದೆ.

"ಈ ಪ್ರಾಯದಲ್ಲಾ? ಪಾಸಾಗ್ತೀರಾ?"

ಮಳೆ

ಮಾಡಿನ ಹಂಚಿನ ಮೇಲೆ ಡಬ್ಬಿಯ ಆಂಟೆನಾ, ಅಣಬೆಯಷ್ಟು. ಶನಿವಾರ ಡಬ್ಬಿಗೆ ಉಪಗ್ರಹಗಳೆಲ್ಲ ಒಮ್ಮೆಲೇ ಕಾಣೆ. ಏಣಿ ಹತ್ತಿ ನೋಡಿದರೆ, ಆಂಟೆನಾದ ಮೇಲೆ ಅಲ್ಯೂಮಿನಿಯಂ ಪಾತ್ರೆ ಕವುಚಿ ಕಲ್ಲು ಇಟ್ಟಿದೆ.

ಕೆಳಗಿನಿಂದ ನೆರೆಮನೆಯವರು, "ನಾನೇ ಇಟ್ಟದ್ದು. ನಿಮ್ಮ ಟಿವಿಯದ್ದು ಒದ್ದೆ ಆಗ್ತಿತ್ತು."

"ಇದು ಟಿವಿಗಲ್ಲ. ಸಮಯ ಬರಲಿಕ್ಕೆ."

"ಬರೀ ಸಮಯವಾ? ವಾರ್ತೆ ಇಲ್ಲವಾ?"

"ಇಲ್ಲ."

"ಹಾಗಾದ್ರೆ ಆ ಪಾತ್ರೆ ಕೊಡಿ."

ನಿಂತಿತು

ಭಾನುವಾರ ಗೆಳೆಯ ತನ್ನ ಡಬ್ಬಿ ತಂದ. ಎರಡೂ ಬಿಸಿಯಾಗುವವರೆಗೆ ಕಾದೆವು. ಎರಡರ ಅಲೆಯನ್ನೂ ಒಂದೇ ಪರದೆಯಲ್ಲಿ ನೋಡುವುದು. ಒಂದರ ಎದುರು ಇನ್ನೊಂದು ಜಾರಿದರೆ ಯಾವುದೋ ಒಂದು ಸುಳ್ಳು. ನಿಂತರೆ ಎರಡೂ ಸರಿ. ಅತ್ತಿಗೆ ಹಾಟ್‌ಬಾಕ್ಸ್ ಒಯ್ಯಲು ಚೀಲ ಹಿಡಿದೇ ಕೂತಿದ್ದರು.

ಅಲೆ ಜಾರಿತು. ನಿಧಾನವಾಯಿತು.

"ನಿಂತಿತು!" ಗೆಳೆಯ ಕುಣಿದ.

"ನಿಂತೇ ಹೋಯಿತಾ?" ಅತ್ತಿಗೆ ಚೀಲ ಬಿಡಿಸಿದರು. "ಗಡಿಯಾರ ನಿಂತದ್ದಕ್ಕೆ ಕುಣಿಯುವವರನ್ನು ಇವತ್ತೇ ನೋಡಿದ್ದು."

ಬಸ್ಸು

ಗೆಳೆಯ ಡಬ್ಬಿಯ ಸಮಯ ತೋರಿಸಿದ. ಅತ್ತಿಗೆ ಗೋಡೆ ಗಡಿಯಾರ ನೋಡಿದರು. "ನಿಮ್ಮದು ಹತ್ತು ನಿಮಿಷ ಹಿಂದೆ ಉಂಟಲ್ಲ!"

ಗೋಡೆಯದ್ದನ್ನು ಹೆಂಡತಿಯೇ ಮುಂದೆ ಇಟ್ಟದ್ದು, ಬಸ್ಸು ತಪ್ಪಬಾರದು ಅಂತ. ಸರಿ ಮಾಡಲು ಗೆಳೆಯ ಸ್ಟೂಲು ಎಳೆದ. ನಾನು ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಅತ್ತಿಗೆ ನನ್ನನ್ನೇ ನೋಡಿದರು. ಮತ್ತೆ ಗೋಡೆ ನೋಡಿ, "ಬಸ್ಸಿಗೆ ಹೊತ್ತಾಯಿತು" ಅಂತ ಹೊರಟರು. ಚೀಲ ಖಾಲಿ.

ಗೆಳೆಯನಿಗೂ ಅದೇ ಬಸ್ಸು. ಚಾ ಕುಡಿಯುತ್ತ, "ಇನ್ನೂ ಹತ್ತು ನಿಮಿಷ ಉಂಟು. ಉಪಗ್ರಹವೇ ಹೇಳ್ತದೆ" ಅಂದ.

ನಾವು ರಸ್ತೆ ಮುಟ್ಟುವಾಗ ಬಸ್ಸು ಹೊರಟಿತ್ತು. ಗೆಳೆಯ ಡಬ್ಬಿ ಅಪ್ಪಿಕೊಂಡು ಓಡಿದ. ಕಿಟಕಿಯಿಂದ ಅತ್ತಿಗೆ ಕೂಗಿದರು: "ಹಾಟ್‌ಬಾಕ್ಸ್ ಅಲ್ಲೇ ಇರಲಿ ಭಾವ! ಗಡಿಯಾರ ಮುಟ್ಟಬೇಡಿ!"

ಗೆಳೆಯ ಏದುಸಿರು ಬಿಡುತ್ತ ಬಂದ. "ಹತ್ತು ನಿಮಿಷ ಮೊದಲೇ ಹೊರಟನಲ್ಲ ಆ ಡ್ರೈವರ್! ಯಾಕೆ ಮಾರಾಯ?"

"ಅವನ ಮನೆಯಲ್ಲೂ ಗಡಿಯಾರ ಇಡುವುದು ಹೆಂಡತಿಯೇ ಇರಬೇಕು" ಅಂದೆ.