ನನ್ನ ಸಿವಿಗೆ ಮಾವನ ಸಾಕ್ಷಿ

ಡಾಕ್ಟರಾದವನಿಗೆ ತನ್ನ ಬಗ್ಗೆ ನಾಲ್ಕು ಸಾಲು ಬರೆಯುವುದು ಎಷ್ಟರ ಕೆಲಸ? ಚಹಾ ಆರುವುದರೊಳಗೆ ಮುಗಿಸುತ್ತೇನೆ ಎಂದುಕೊಂಡು ಸಿವಿ ಬರೆಯಲು ಕುಳಿತೆ. ಮುಗಿಸಿಯೂ ಬಿಟ್ಟೆ! ಎಂಬಿಬಿಎಸ್, ಹಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದ ಕಡ್ಡಾಯ ಸೇವೆ, ವಿಳಾಸ, ಸಹಿ. ಒಂದೇ ಪುಟ. ಆಮೇಲಿನ ಎಂಟು ತಿಂಗಳು ಕುಷ್ಟಗಿಯ ಮನೆಯಲ್ಲಿ ಕುಳಿತು ಪಿಜಿ ಪರೀಕ್ಷೆಗೆ ಓದಿದ್ದನ್ನು ಮಾತ್ರ ಬರೆಯಲಿಲ್ಲ. ನಾನು ಓದಿದ್ದೇನೆ ಎಂಬುದು ಪರೀಕ್ಷೆ ನಡೆಸಿದವರಿಗೂ ಗೊತ್ತಾಗಿರಲಿಲ್ಲ.

"ಡಾಕ್ಟರ್ ಎಲ್ಲಿ ಅದಾರವ್ವಾ?" ಎಂದು ಓಣಿಯವರು ಕೇಳಿದಾಗಲೆಲ್ಲ "ಮನ್ಯಾಗ ಅದಾನ್ರಿ" ಎಂದು ಹೇಳಿ ಹೇಳಿ ಅವ್ವ ಸೋತಿದ್ದಳು. ಆಗಲೇ ಕೊಪ್ಪಳದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಕೆಲಸ ಖಾಲಿಯಾಗಿತ್ತು. ಅದು ಸಿಗದಿದ್ದರೆ ನಾನು ಓಣಿಯಲ್ಲಿ ತಲೆ ಎತ್ತಿ ನಡೆಯುವಂತಿರಲಿಲ್ಲ.

ಅವ್ವ ನನ್ನ ಪುಟವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇಷ್ಟ ಏನೋ? ಅಷ್ಟು ವರ್ಷ ಓದಿ ಒಂದ ಹಾಳಿ?"

ಮಾತು ಎದೆಗೆ ನಾಟಿತು. ಮತ್ತೆ ಕುಳಿತೆ. ರಕ್ತದಾನ ಶಿಬಿರದಲ್ಲಿ ಬಿಸ್ಕತ್ತು ಹಂಚಿದ್ದು "ಶಿಬಿರದ ಸಂಘಟನೆ ಹಾಗೂ ದಾನಿಗಳ ಆರೈಕೆ" ಆಯಿತು. ಪೋಲಿಯೊ ಭಾನುವಾರ ಜೀಪಿನಲ್ಲಿ ಕುಳಿತು ಸುತ್ತಿದ್ದು "ಸಮುದಾಯ ಆರೋಗ್ಯದಲ್ಲಿ ವ್ಯಾಪಕ ಅನುಭವ" ಆಯಿತು. ಕಾಲೇಜಿನ ಗೋಡೆಪತ್ರಿಕೆಗೆ ಅಂಟಿಸಿದ ಒಂದು ಹಾಳೆ "ಪ್ರಕಟಿತ ಬರಹಗಳು" ಆಯಿತು. ಬಹುವಚನ! ಒಟ್ಟು ಆರು ಪುಟ. ಓದಿ ನೋಡಿದಾಗ ನನಗೇ ನನ್ನ ಮೇಲೆ ಭಕ್ತಿ ಹುಟ್ಟಿತು.

ಕೊನೆಯಲ್ಲಿ "ನಿಮ್ಮನ್ನು ಬಲ್ಲವರ ಹೆಸರು, ಫೋನ್ ನಂಬರ್" ಬರೆಯಬೇಕಿತ್ತು. ನ್ಯಾಯವಾಗಿ ಅಲ್ಲಿ ಹಿಂದಿನ ಆಸ್ಪತ್ರೆಯ ಹಿರಿಯ ಡಾಕ್ಟರ ಹೆಸರು ಬರಬೇಕು. ಆದರೆ ಓದುವ ನೆಪದಲ್ಲಿ ನಾನು ಹಾಕಿದ ರಜೆಗಳನ್ನು ಅವರು ಮರೆತಿರಲಾರರು. ಹಾಗಾಗಿ ಅವ್ವನ ತಮ್ಮ, ಗಂಗಾವತಿಯ ಭತ್ತದ ವ್ಯಾಪಾರಿ ಶರಣಪ್ಪ ಮಾವನನ್ನು "ಉದ್ಯಮಿ ಹಾಗೂ ಸಮಾಜಸೇವಕರು" ಎಂದು ಬರೆದೆ. ಮಾವನಿಗೆ ನನ್ನ ಮೇಲೆ ಜೀವ. ಅವನಿಗೊಬ್ಬಳು ಮಗಳು. ನಾನು ಶಾಲೆಗೆ ಹೋಗುವಾಗಿನಿಂದ ನನ್ನನ್ನು "ನಮ್ಮ ಅಳಿಯಾ" ಎಂದೇ ಕರೆಯುತ್ತಾನೆ.

"ನಿಮ್ಮ ಮಾಮಾಗ ಒಂದು ಮಾತು ಹೇಳಿಬಿಡೋ," ಎಂದಳು ಅವ್ವ.

"ಹೇಳೂದೇನೈತವ್ವಾ? ನನ್ನ ಬಗ್ಗೆ ಅವ ಕೆಟ್ಟದ್ದು ಹೇಳ್ತಾನೇನು?"

ಸಂದರ್ಶನದ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಆದರೂ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಹಿರಿಯ ವಯಸ್ಸಿನ ಮುಖ್ಯ ವೈದ್ಯರು ಒಂದೊಂದೇ ಪುಟ ತಿರುವಿದರು.

"ಶಿಬಿರದ ಸಂಘಟನೆ ಅಂದ್ರ ಏನ್ ಮಾಡಿದ್ರಿ?"

"ಬಿಸ್ಕತ್ತು ಹಂಚಿದ್ದೆ, ಸರ್."

"ಪ್ರಕಟಿತ ಬರಹ ಎಲ್ಲಿ ಅದಾವ?"

"ಗೋಡಿ ಮ್ಯಾಲ, ಸರ್."

ಅವರು ನಗಲಿಲ್ಲ. ಅದೇ ಹೆದರಿಕೆ! ಕೊನೆಯ ಪುಟಕ್ಕೆ ಬಂದು, "ಈ ಸಮಾಜಸೇವಕರನ್ನ ಒಂದು ಮಾತು ಕೇಳಿಬಿಡೋಣು," ಎಂದು ಫೋನು ಹಚ್ಚಿ ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟರು.

"ನಮಸ್ಕಾರ್ರಿ. ಕುಷ್ಟಗಿ ಡಾಕ್ಟರ್ ಮಂಜುನಾಥ ನಿಮಗ ಗೊತ್ತೇನ್ರಿ? ಗುಣ, ನಡತಿ ಎಲ್ಲಾ ಹೆಂಗ ಹುಡುಗಂದು?"

ಕೇಳಿದ ರೀತಿಯಲ್ಲೇ ಎಡವಟ್ಟಾಗಿತ್ತು. ನಮ್ಮ ಕಡೆ ಮದುವೆಯಾಗದ ಹುಡುಗನ ನಡತೆಯನ್ನು ಗುರುತಿಲ್ಲದವರು ಫೋನು ಮಾಡಿ ಕೇಳುತ್ತಾರೆಂದರೆ ಅವರ ಮನೆಯಲ್ಲಿ ಹೆಣ್ಣಿದೆ ಎಂದೇ ಅರ್ಥ. ಮಾವನ ಮನೆಯಲ್ಲೂ ಇದ್ದಾಳೆ!

"ಅಯ್ಯ, ಅವನೇನ್ರಿ?" ಮಾವ ದನಿ ಇಳಿಸಿದ. "ನೀವು ದೊಡ್ಡ ಮನುಷ್ಯಾರು, ನಿಮ್ಮ ಮುಂದ ಮುಚ್ಚಿಡಬಾರದು. ಹುಡುಗ ಭಾಳ ಸಿಡುಕ. ಹತ್ತು ಗಂಟಿ ತನಕ ಏಳೂದಿಲ್ಲ. ಹೆಸರಿಗಷ್ಟ ಡಾಕ್ಟರ್ ನೋಡ್ರಿ. ನನ್ನ ಬೆರಳು ಕೊಯ್ದಾಗ ರಕ್ತ ನೋಡಿ ಧೊಪ್ಪಂತ ಬಿದ್ದ. ನನ್ನ ಗಾಯ ಬಿಟ್ಟು ಅವನ ಮಾರಿಗೆ ನಾನ ನೀರು ಹೊಡದೆ!"

ಬಿದ್ದದ್ದು ನಿಜ. ಆದರೆ ಏಳನೇ ತರಗತಿಯಲ್ಲಿದ್ದಾಗ!

"ಸರ್, ಅವರು ನಮ್ಮ ಮಾವ. ಅವರಿಗೊಬ್ಬಾಕಿ ಮಗಳು ಅದಾಳ್ರಿ," ಎಂದೆ. ನನ್ನ ಇಡೀ ವೈದ್ಯಕೀಯ ಭವಿಷ್ಯದ ಪರವಾಗಿ ಹೇಳಲು ನನ್ನ ಬಳಿ ಇದ್ದದ್ದು ಅಷ್ಟೇ.

ಮುಖ್ಯ ವೈದ್ಯರು ನನ್ನನ್ನು ನೋಡಿದರು, ಫೋನನ್ನು ನೋಡಿದರು. "ಯಜಮಾನ್ರ, ನಾ ಹೆಣ್ಣಿನ ಕಡಿಯಾಂವ ಅಲ್ರಿ. ದವಾಖಾನಿಯಿಂದ ಮಾತಾಡಾಕತ್ತೀನಿ. ಹುಡುಗಗ ನೌಕರಿ ಕೊಡೂದೈತಿ."

ಇಳಿದಿದ್ದ ಮಾವನ ದನಿ ಒಮ್ಮೆಲೇ ಏರಿತು.

"ಮೊದಲ ಹೇಳಬಾರದೇನ್ರಿ! ಹುಡುಗ ಅಪ್ಪಟ ಬಂಗಾರ! ನಸುಕಿನ್ಯಾಗ ಏಳ್ತಾನ. ಸಿಟ್ಟು ಅಂದ್ರ ಏನಂತ ಗೊತ್ತಿಲ್ಲ. ರಕ್ತ ಏನ್ರಿ, ರಕ್ತದಾಗ ಈಜ್ಯಾಡ್ತಾನ!"

ಫೋನು ಇಟ್ಟು ಮುಖ್ಯ ವೈದ್ಯರು ಕೇಳಿದರು: "ಈಗ ನಾ ಯಾವ ಮಾವನ್ನ ನಂಬ್ಲಿ?"

"ಯಾರನ್ನೂ ಬ್ಯಾಡ್ರಿ ಸರ್. ಸಿವಿಯಾಗಿಂದು ಮೊದಲನೇ ಪುಟ ಅಷ್ಟ ನಂಬ್ರಿ. ಉಳಿದ ಐದು ನಮ್ಮವ್ವನ ಸಮಾಧಾನಕ್ಕ ಬರದದ್ದು."

"ಬರ್ರಿ ನನ್ನ ಜೋಡಿ," ಎಂದು ಎದ್ದರು.

ಗಾಯ ಕಟ್ಟುವ ಕೋಣೆಯಲ್ಲಿ ಕಟ್ಟಡ ಕೆಲಸದ ಒಬ್ಬ ಗೌಂಡಿ ಎಡಗೈಗೆ ಟವೆಲ್ ಸುತ್ತಿಕೊಂಡು ಕುಳಿತಿದ್ದ. ಟವೆಲ್ ತುಂಬ ರಕ್ತ. "ಹಾಕ್ರಿ ಹೊಲಿಗಿ," ಎಂದು ಹೇಳಿ ಮುಖ್ಯ ವೈದ್ಯರು ಬಾಗಿಲಲ್ಲಿ ನಿಂತರು.

ಹಳ್ಳಿಯಲ್ಲಿ ಎಷ್ಟೋ ಜನರಿಗೆ ಹೊಲಿಗೆ ಹಾಕಿದ್ದೆ. ಆದರೆ ನೌಕರಿ ಬೆನ್ನ ಹಿಂದೆ ನಿಂತು ನೋಡುವಾಗ ಹಾಕಿರಲಿಲ್ಲ. ಕೈ ನಡುಗಿತು. ಕಣ್ಣ ಮುಂದೆ ಮಾವನ ಬೆರಳು ಬಂತು. ಈಗ ಬಿದ್ದರೆ ಮುಗಿಯಿತು ಎಂದು ಹಲ್ಲು ಕಚ್ಚಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಒಂದೊಂದಾಗಿ ಏಳು ಹೊಲಿಗೆ ಹಾಕಿದೆ. ಬೀಳಲಿಲ್ಲ! ಎದೆ ಸ್ವಲ್ಪ ಉಬ್ಬಿತು.

ಮುಖ್ಯ ವೈದ್ಯರು ಹೊಲಿಗೆ ಪರೀಕ್ಷಿಸಿ ಗೌಂಡಿಯನ್ನು ಕೇಳಿದರು: "ಹೆಂಗ ಹಾಕಿದ್ರಪಾ ಡಾಕ್ಟರು?"

"ಛಲೋ ಹಾಕ್ಯಾರ್ರಿ ಸಾಹೇಬ್ರ. ಪಾಪ, ಭಾಳ ಅಂಜಿದ್ರು. ಏನೂ ಆಗೂದಿಲ್ಲ, ಹಾಕ್ರಿ ಅಂತ ನಾನ ಧೈರ್ಯ ಹೇಳಿದೆ."

ಆಗ ನಕ್ಕರು ಮುಖ್ಯ ವೈದ್ಯರು. "ನಾಳಿಂದ ಕೆಲಸಕ್ಕ ಬರ್ರಿ. ಮತ್ತ ಇವನ ಫೋನ್ ನಂಬರ್ ಬರಕೋರಿ, ಮುಂದಿನ ಸಿವಿಗೆ ಬೇಕಾಗತೈತಿ."

ಪೆನ್ನು ತೆಗೆದೆ. ಕೈ ನಡುಕ ಇನ್ನೂ ನಿಂತಿರಲಿಲ್ಲ. ಕೊನೆಗೆ ಹೊಲಿಗೆ ಹಾಕಿಸಿಕೊಂಡವನೇ ಪೆನ್ನು ಇಸಿದುಕೊಂಡು ಬರೆದುಕೊಟ್ಟ!