ಸ್ವೆಟರಿನ ಒಳಜೇಬು

ಇಲಿ ಸತ್ತಿತ್ತು.

ಪ್ರಯೋಗಾಲಯ ಸೇರಿ ವಾರವೂ ಆಗದ ಸಹಾಯಕ ತಂಪುಕೋಣೆಯ ಗಾಜಿನ ಪೆಟ್ಟಿಗೆಯ ಮುಂದೆ ಅಪರಾಧಿಯ ಹಾಗೆ ನಿಂತಿದ್ದ. ಮಣ್ಣಿನ ಬಿಲದೊಳಗೆ ಅದು ಬಾಲವನ್ನು ಮೂತಿಗೆ ಸುತ್ತಿಕೊಂಡು ಉಂಡೆಯಾಗಿತ್ತು. ಮುಟ್ಟಿದರೆ ಹೊಳೆಯ ಕಲ್ಲಿನಷ್ಟು ತಣ್ಣಗೆ. "ಇದನ್ನ ಚೆನ್ನಾಗಿ ನೋಡ್ಕೊ, ಕೆಲಸ ಖಾಯಂ ಮಾಡಿಸ್ತೀನಿ" ಎಂದಷ್ಟೇ ಹೇಳಿ ಹೋಗಿದ್ದರು ಪ್ರೊಫೆಸರು. ಅವರು ಬಿಡಿಸಿ ಹೇಳುವವರಲ್ಲ, ಇವನು ಬಾಯಿ ಬಿಟ್ಟು ಕೇಳುವವನಲ್ಲ. ಮಧ್ಯಾಹ್ನ ಅವರು ವಾಪಸಾಗುವವರಿದ್ದರು.

ಗುಡಿಸುವ ಅಕ್ಕ ಇಣುಕಿ ಪೊರಕೆ ಕೆಳಗಿಟ್ಟಳು. "ಅಯ್ಯೋ ಪಾಪ, ಹೋಗ್ಬಿಡ್ತಾ? ನಿನ್ನೆ ಊಟ ಹಾಕಿದ್ಯೇನಪ್ಪಾ?"

"ಹಾಕಿದ್ದೆ ಅಕ್ಕಾ. ಮೂಸೂ ನೋಡಿಲ್ಲ."

"ಕೊರಗಿರಬೇಕು. ಒಂಟಿ ಜೀವ."

ಗುಮಾಸ್ತರು ಬಂದು ಕನ್ನಡಕ ತೆಗೆದು ಮೌನವಾಗಿ ನಿಂತರು. ಮೌನ ಇಲಿಗೋ ಇವನ ಕೆಲಸಕ್ಕೋ ತಿಳಿಯಲಿಲ್ಲ. "ನಿನ್ನ ಹಿಂದಿನವನು ಬರೀ ಥರ್ಮಾಮೀಟರ್ ಒಡೆದಿದ್ದ. ಅಷ್ಟಕ್ಕೇ ಮನೆಗೆ ಕಳಿಸಿದ್ರು" ಎಂದು ಸಮಾಧಾನ ಹೇಳಿದರು. ಆಮೇಲೆ ದಾರಿಯನ್ನೂ ಹೇಳಿದರು. "ಉಗ್ರಾಣದ ಬೋನಿಗೆ ಒಂದು ಬಿದ್ದಿದೆ, ತಂದು ಬಿಡು. ಮುಖ ನೋಡಿ ಗುರುತು ಹಿಡಿಯೋಕೆ ಇದೇನು ಅವರ ಬೀಗರಾ?"

ಉಗ್ರಾಣದ ಇಲಿ ಪೆಟ್ಟಿಗೆಗೆ ಇಳಿದದ್ದೇ ಬಟ್ಟಲು ಖಾಲಿ ಮಾಡಿತು. ಸತ್ತದ್ದನ್ನು ಹಿತ್ತಲಲ್ಲಿ ಮಣ್ಣು ಮಾಡೋಣವೆಂದು ಸಹಾಯಕ ಕರವಸ್ತ್ರದಲ್ಲಿ ಸುತ್ತಿ, ಸ್ವೆಟರಿನ ಒಳಜೇಬಿನಲ್ಲಿ ಎದೆಗವಚಿಕೊಂಡ. ಸಲಿಕೆ ಹಿಡಿದು ಅಕ್ಕ ಮುಂದೆ, ತಲೆ ತಗ್ಗಿಸಿ ಗುಮಾಸ್ತರು ಹಿಂದೆ. ಮೆರವಣಿಗೆ ಮೆಟ್ಟಿಲಿಳಿಯುವಷ್ಟರಲ್ಲಿ ಎದುರಿಗೇ ಪ್ರೊಫೆಸರು.

ಅಕ್ಕನಿಗೆ ಮಹಡಿ ಗುಡಿಸುವುದು ನೆನಪಾಯಿತು. ಗುಮಾಸ್ತರಿಗೆ ಏನು ನೆನಪಾಯಿತೋ, ಅವರೂ ಇರಲಿಲ್ಲ.

ಪ್ರೊಫೆಸರಿಗೂ ಇಲಿಯ ಮುಖ ನೋಡುವ ಅಭ್ಯಾಸವಿರಲಿಲ್ಲ. ನೇರ ತಂಪುಕೋಣೆಗೆ ಹೋಗಿ ಪೆಟ್ಟಿಗೆಯಲ್ಲಿದ್ದದರ ಮೈಶಾಖ ಅಳೆದು, ಬಂದು ಕುರ್ಚಿಗೆ ಕುಸಿದರು. "ಬಿಸಿಯಾಗೇ ಇದೆ. ಈ ಚಳಿಗಾಲವೂ ವ್ಯರ್ಥ."

ಅಂದು ಮೊದಲ ಸಲ ಅವರು ಬಿಡಿಸಿ ಹೇಳಿದರು, ಅದೂ ಹೀಟರಿನ ಪಕ್ಕ ಇವನನ್ನು ಕೂರಿಸಿಕೊಂಡು, ಬಹಳ ಹೊತ್ತು. ಚಳಿ ಹೆಚ್ಚಿದಾಗ ಮೈ ಬಿಸಿಯಿಟ್ಟುಕೊಳ್ಳಲು ಈ ಪುಟ್ಟ ಜೀವಕ್ಕೆ ಎಷ್ಟು ತಿಂದರೂ ಸಾಲದು. ಆಗ ಅದು ಒಳಗಿನ ಒಲೆ ತಗ್ಗಿಸಿ ಕಲ್ಲಿನಂತೆ ತಣ್ಣಗಾಗುತ್ತದೆ. ಎದೆಬಡಿತವೂ ಅಪರೂಪ. ಊಟ ಬೇಡ, ಅಲುಗಾಟ ಬೇಡ. "ಸತ್ತ ಹಾಗೇ ಕಾಣುತ್ತೆ ಕಣೋ. ಆದ್ರೆ ಖರ್ಚು ಉಳಿಸ್ತಿರುತ್ತೆ. ಅದೊಂದನ್ನ ನೋಡ್ಬೇಕು ಅಂತ ಕಾದೆ."

ಸಹಾಯಕ ಎದ್ದೇಬಿಟ್ಟ. "ಸಾರ್! ಹಾಗಾದ್ರೆ ಅದು ಸತ್ತಿಲ್ವಾ?" ನಡೆದದ್ದನ್ನೆಲ್ಲ ಒದರಿಬಿಟ್ಟ.

ಪ್ರೊಫೆಸರ ಕಣ್ಣು ತುಂಬಿತು. "ತಣ್ಣಗಿತ್ತಾ? ಉಂಡೆಯಾಗಿತ್ತಾ? ನಿನ್ನ ಕೆಲಸ ಖಾಯಂ ಅಂದ್ಕೊ! ಎಲ್ಲಿದೆ?"

"ಇಲ್ಲೇ ಸಾರ್, ಜೋಪಾನವಾಗಿ, ಎದೆ ಹತ್ರ, ಬೆಚ್ಚಗೆ..."

ಜೇಬಿನೊಳಗೆ ಯಾರೋ ಮೈಮುರಿದರು. ಮೀಸೆಯೊಂದು ಹೊರಬಂತು, ಹಿಂದೆಯೇ ಮೂತಿ.

ಉಗ್ರಾಣದ ಇಲಿ ಹೊರಹೋಯಿತು, ಎದ್ದದ್ದು ಪೆಟ್ಟಿಗೆ ಸೇರಿತು. "ಅದು ಮತ್ತೆ ಮಲಗೋವರೆಗೆ ನೀನು ಈ ತಂಪುಕೋಣೇಲೇ ಕಾಯ್ತೀಯ" ಎಂದರು ಪ್ರೊಫೆಸರು. " ಸ್ವೆಟರ್ ಇಲ್ಲಿ ಕೊಡು."

ಸಂಜೆ ತಂಪುಕೋಣೆಗೆ ಇಣುಕಿದ ಅಕ್ಕ ಎದೆ ಹಿಡಿದುಕೊಂಡಳು. ಗಾಜಿನೊಳಗೆ ಇಲಿ ಚಟುವಟಿಕೆಯಿಂದ ಓಡಾಡುತ್ತಿತ್ತು. ಹೊರಗೆ ಸಹಾಯಕ ಮೊಣಕಾಲಿಗೆ ಮೂಗು ಹುದುಗಿಸಿ ಉಂಡೆಯಾಗಿದ್ದ. ಮುಟ್ಟದ ಊಟದ ಡಬ್ಬಿ ಪಕ್ಕದಲ್ಲಿತ್ತು.

"ಅಯ್ಯೋ ಸಾರ್, ಇವನೂ ಹೋಗ್ಬಿಟ್ನಾ?"

ಆಚೆ ಹೀಟರಿನ ಪಕ್ಕ ಬರೆಯುತ್ತ ಕೂತಿದ್ದ ಪ್ರೊಫೆಸರು ತಲೆ ಎತ್ತಲಿಲ್ಲ. "ಮುಟ್ಬೇಡಮ್ಮ. ಖರ್ಚು ಉಳಿಸ್ತಿದಾನೆ."